ಡ್ಯಾಂಡಿಲಯನ್ ಬೇರಿನ ಚಹ: ಜೀರ್ಣಶಕ್ತಿಗೂ ಯಕೃತ್ತಿಗೂ ಅದರಿಂದಾಗುವ ಉಪಯೋಗವೆಷ್ಟು?

ಒಂದು ಕಡೆ ಕಳೆಯೆಂದು ಕಿತ್ತೆಸೆಯಲ್ಪಡುವ ಗಿಡವು ಇನ್ನೊಂದು ಕಡೆ ಔಷಧಿಯೆಂದು ಬೆಲೆಗೆ ಮಾರಲ್ಪಡುವುದು ವ್ಯವಸಾಯದ ಪ್ರಪಂಚದಲ್ಲಿ ಹೊಸ ಸಂಗತಿಯಲ್ಲ. ಯೂರೋಪು ಮತ್ತು ಉತ್ತರ ಅಮೆರಿಕ ಖಂಡಗಳಲ್ಲಿ ಹೇರಳವಾಗಿ ಬೆಳೆಯುವ ಡ್ಯಾಂಡಿಲಯನ್ ಎಂಬ ಗಿಡವು ಇದಕ್ಕೆ ಒಳ್ಳೆಯ ನಿದರ್ಶನವಾಗಿರುತ್ತದೆ. ಅಲ್ಲಿನ ತೋಟಗಾರರು ಮನೆಯ ಮುಂದಣ ಹುಲ್ಲುಹಾಸಿನಿಂದ ಇದನ್ನು ಹೊರಗಟ್ಟಲು ವರ್ಷ ವರ್ಷವೂ ಹೆಣಗುತ್ತಾರೆ. ಅದೇ ಊರಿನ ಅಂಗಡಿಗಳಲ್ಲಿ ಇದರ ಒಣಗಿದ ಬೇರು ಪೊಟ್ಟಣಗಳಲ್ಲಿ ಮಾರಾಟವಾಗುತ್ತದೆ. ಬೇರನ್ನು ಕುದಿಸಿ ಚಹದಂತೆ ಕುಡಿದರೆ ಅಜೀರ್ಣವು ಹೋಗುವುದೆಂದೂ, ಯಕೃತ್ತು ಶುದ್ಧಿಯಾಗುವುದೆಂದೂ ಹೇಳುವುದುಂಟು.

ಇಂತಹ ಪೊಟ್ಟಣಗಳು ಈಗ ಭಾರತದ ನಗರಗಳಲ್ಲಿಯೂ ದೊರೆಯುತ್ತಿವೆ. ಆದುದರಿಂದ ಈ ಬೇರು ಯಾವುದು, ಅದರಲ್ಲಿ ಏನಿದೆ, ಅದರ ವಿಷಯದಲ್ಲಿ ಹೇಳುವ ಮಾತುಗಳಲ್ಲಿ ಯಾವುದು ನಿಜ, ಯಾವುದು ಬರಿಯ ನಂಬಿಕೆ ಎಂಬುದನ್ನು ವಿಚಾರಮಾಡುವುದು ಅವಶ್ಯಕವಾಗಿದೆ. ಮುಖ್ಯವಾಗಿ, ಯಕೃತ್ತಿನ ಕಾಯಿಲೆಯುಳ್ಳವರು ಇದನ್ನು ಕುಡಿಯಬಹುದೇ ಎಂಬ ಪ್ರಶ್ನೆಗೆ ದೊರೆಯುವ ಉತ್ತರವು ಅನೇಕರು ಎಣಿಸಿದುದಕ್ಕೆ ತೀರ ವಿರುದ್ಧವಾಗಿದೆ.

ಗಿಡದ ವರ್ಣನೆ

ಸಸ್ಯಶಾಸ್ತ್ರದಲ್ಲಿ ಇದಕ್ಕೆ ಟರಾಕ್ಸಕಮ್ ಅಫಿಸಿನೇಲ್ ಎಂದು ಹೆಸರು. ಸೂರ್ಯಕಾಂತಿ, ಸೇವಂತಿಗೆ, ಹುಚ್ಚೆಳ್ಳು ಇವುಗಳ ಕುಟುಂಬಕ್ಕೇ ಇದೂ ಸೇರಿದುದು. ಇದು ಬಹುವಾರ್ಷಿಕ ಗಿಡ. ಎಲೆಗಳು ನೆಲಕ್ಕೆ ಅಂಟಿಕೊಂಡಂತೆ ಬುಡದಿಂದಲೇ ಚಕ್ರಾಕಾರವಾಗಿ ಹೊರಡುವುವು. ಅವುಗಳ ಅಂಚು ಗರಗಸದಂತೆ ಆಳವಾಗಿ ಸೀಳಿರುವುದು. ಈ ಸೀಳುಗಳು ಸಿಂಹದ ಹಲ್ಲುಗಳಂತೆ ಕಾಣುವುದರಿಂದ ಫ್ರೆಂಚ್ ಭಾಷೆಯಲ್ಲಿ 'ಸಿಂಹದ ಹಲ್ಲು' ಎಂಬ ಅರ್ಥದ ಹೆಸರು ಬಂದು, ಅದೇ ಇಂಗ್ಲಿಷಿನಲ್ಲಿ ಡ್ಯಾಂಡಿಲಯನ್ ಎಂದಾಯಿತು. ಬುಡದಿಂದ ಎಲೆಯಿಲ್ಲದ, ಒಳಗೆ ಪೊಳ್ಳಾದ ದಂಟು ಎದ್ದು, ಅದರ ತುದಿಯಲ್ಲಿ ಒಂದೇ ಒಂದು ಹಳದಿಯ ಹೂವು ಅರಳುವುದು. ಹೂವು ಬಲಿತಮೇಲೆ ಬಿಳಿಯ ನವಿರಾದ ಚೆಂಡಿನಂತಾಗಿ, ಪ್ರತಿಯೊಂದು ಬೀಜವೂ ತನ್ನ ಕೂದಲಿನ ಕೊಡೆಯನ್ನು ಹಿಡಿದು ಗಾಳಿಯಲ್ಲಿ ತೇಲಿಹೋಗುವುದು. ಗಿಡದ ಯಾವ ಭಾಗವನ್ನು ಮುರಿದರೂ ಹಾಲು ಒಸರುವುದು.

ಬೇರು ಮೂಲಂಗಿಯಂತೆ ನೇರವಾಗಿ ಆಳಕ್ಕೆ ಇಳಿಯುವುದು. ಹೊರಗೆ ಕಂದು, ಒಳಗೆ ಬಿಳುಪು. ಕೀಳುವಾಗ ಒಂದು ತುಂಡು ನೆಲದಲ್ಲಿ ಉಳಿದರೂ ಸಾಕು, ಅದರಿಂದಲೇ ಹೊಸ ಗಿಡವು ಚಿಗುರುವುದು. ಇದಲ್ಲದೆ ಈ ಜಾತಿಯ ಅನೇಕ ಗಿಡಗಳಲ್ಲಿ ಪರಾಗಸ್ಪರ್ಶವಿಲ್ಲದೆಯೇ ಬೀಜವು ಕಟ್ಟುವುದು. ತೋಟಗಾರರಿಗೆ ಇದು ಇಷ್ಟು ತೊಂದರೆ ಕೊಡುವುದಕ್ಕೆ ಈ ಎರಡು ಗುಣಗಳೇ ಕಾರಣ.

ಇದು ತಂಪು ದೇಶದ ಗಿಡ. ಭಾರತದಲ್ಲಿ ಹಿಮಾಲಯದ ಪ್ರಾಂತಗಳಲ್ಲಿ ತಾನಾಗಿ ಬೆಳೆಯುವುದು. ಕಾಶ್ಮೀರದಲ್ಲಿ ಇದರ ಎಲೆಯನ್ನು ಸೊಪ್ಪಾಗಿ ಬೇಯಿಸಿ ತಿನ್ನುವ ವಾಡಿಕೆಯುಂಟು. ಕನ್ನಡ ನಾಡಿನ ಬಯಲುಸೀಮೆಯ ಬಿಸಿಲಿಗೆ ಇದು ಒಗ್ಗಿದುದಲ್ಲ. ಇಲ್ಲಿನ ಹೊಲಗಳ ಬದುವಿನಲ್ಲಿ ಕಾಣುವ, ಗಾಳಿಯಲ್ಲಿ ಬೀಜವನ್ನು ಹಾರಿಸುವ ಗಿಡಗಳು ಸಾಮಾನ್ಯವಾಗಿ ಬೇರೆ ಜಾತಿಯವು. ಈ ವಿಷಯವನ್ನು ಮುಂದೆ ಹೇಳಲಾಗುವುದು.

ಪೂರ್ವದ ಬಳಕೆ

ಟರಾಕ್ಸಕಮ್ ಎಂಬ ಹೆಸರು ಅರಬ್ಬಿ ಮತ್ತು ಪಾರಸಿ ವೈದ್ಯರ ಗ್ರಂಥಗಳ ಮೂಲಕ ಯೂರೋಪಿಗೆ ಬಂದುದು. ೧೬೫೨ರಲ್ಲಿ ಇಂಗ್ಲೆಂಡಿನ ನಿಕೊಲಸ್ ಕಲ್ಪೆಪರ್ ಎಂಬಾತನು ಸಾಮಾನ್ಯ ಜನರಿಗಾಗಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಮೂಲಿಕೆಗಳ ಪುಸ್ತಕದಲ್ಲಿ, ಯಕೃತ್ತು, ಪಿತ್ತಕೋಶ, ಗುಲ್ಮ ಇವುಗಳಲ್ಲಿ ಉಂಟಾಗುವ ತಡೆಯನ್ನು ಈ ಗಿಡವು ಬಿಡಿಸುವುದೆಂದು ಹೇಳಿರುತ್ತಾನೆ. ಆ ಕಾಲದಲ್ಲಿ ಗಿಡದ ಬಣ್ಣ ಆಕಾರಗಳೇ ಅದರ ಗುಣವನ್ನು ಸೂಚಿಸುವುವೆಂಬ ನಂಬಿಕೆಯು ಯೂರೋಪಿನಲ್ಲಿ ಬಲವಾಗಿದ್ದಿತು. ಹಳದಿಯ ಹೂವು ಹಳದಿಯ ಕಾಯಿಲೆಗೆ, ಎಂದರೆ ಕಾಮಾಲೆಗೆ, ಮದ್ದೆಂದು ತಿಳಿಯುವುದು ಆ ನಂಬಿಕೆಗೆ ಅನುಗುಣವಾದುದೇ. ಈ ಗಿಡವು ಮೂತ್ರವನ್ನು ಹೆಚ್ಚಿಸುವುದೆಂಬುದೂ ಹಳೆಯ ಮಾತು. ಫ್ರಾನ್ಸಿನ ಹಳ್ಳಿಗರು ಇದಕ್ಕೆ 'ಹಾಸಿಗೆಯಲ್ಲಿ ಮೂತ್ರ' ಎಂಬ ಅರ್ಥ ಬರುವ ಹೆಸರನ್ನೇ ಇಟ್ಟಿರುವರು.

ಹುರಿದ ಬೇರಿನ ಬಳಕೆಗೆ ಒಳ್ಳೆಯ ದಾಖಲೆಯೊಂದು ಕೆನಡಾ ದೇಶದಿಂದ ದೊರೆಯುತ್ತದೆ. ಇಂಗ್ಲೆಂಡಿನಿಂದ ಅಲ್ಲಿಗೆ ಹೋಗಿ ಕಾಡನ್ನು ಕಡಿದು ಬೇಸಾಯಕ್ಕೆ ನಿಂತ ಕುಟುಂಬವೊಂದರ ಗೃಹಿಣಿ ಸೂಸಾನ ಮೂಡಿ ಎಂಬಾಕೆಯು ತನ್ನ ಅನುಭವಗಳನ್ನು ೧೮೫೨ರಲ್ಲಿ ಪುಸ್ತಕವಾಗಿ ಪ್ರಕಟಿಸಿದಳು. ಚಹ ಕಾಫಿಗಳನ್ನು ಕೊಳ್ಳಲು ಹಣವಿಲ್ಲದ ಕಾಲದಲ್ಲಿ ಆಕೆಯು ಡ್ಯಾಂಡಿಲಯನ್ ಬೇರನ್ನು ತೊಳೆದು, ಸಣ್ಣ ತುಂಡುಗಳಾಗಿ ಕತ್ತರಿಸಿ, ಒಲೆಯಲ್ಲಿ ಕಂದುಬಣ್ಣ ಬರುವವರೆಗೆ ಹುರಿದು, ಬೀಸಿ ಕಾಫಿಯಂತೆ ಕಾಸಿದಳು. ಅಂಗಡಿಯ ಕಾಫಿಗಿಂತ ಅದು ಉತ್ತಮವಾಗಿದ್ದಿತೆಂದು ಆಕೆಯ ಅಭಿಪ್ರಾಯ. ಆಲೂಗೆಡ್ಡೆಯನ್ನು ಅಗೆಯುವ ಕಾಲದಲ್ಲಿಯೇ ಈ ಬೇರನ್ನೂ ಅಗೆಯುವುದು ಅನುಕೂಲವೆಂದು ಆಕೆಯು ಬರೆದಿರುವುದು ಬೇಸಾಯಗಾರರ ಮನೆಯಲ್ಲಿ ಹುಟ್ಟಿದ ಬುದ್ಧಿ. ಒಂದೇ ಕೆಲಸದಲ್ಲಿ ಎರಡು ಫಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾಫಿಯು ದೊರೆಯದೆ ಹೋದಾಗ ಯೂರೋಪಿನಲ್ಲಿ ಅನೇಕರು ಇದೇ ಬೇರಿಗೆ ಮರಳಿದರು.

ಬೇರಿನಲ್ಲಿರುವ ಪದಾರ್ಥಗಳು

ಆಲೂಗೆಡ್ಡೆಯು ತನ್ನ ಆಹಾರವನ್ನು ಪಿಷ್ಟದ ರೂಪದಲ್ಲಿ ಕೂಡಿಡುವಂತೆ ಈ ಬೇರು ಇನ್ಯುಲಿನ್ ಎಂಬ ಪದಾರ್ಥದ ರೂಪದಲ್ಲಿ ಕೂಡಿಡುವುದು. ಇದು ಹಣ್ಣಿನ ಸಕ್ಕರೆಯ ಕಣಗಳು ಸರಪಳಿಯಂತೆ ಸೇರಿ ಆದುದು. ಸಕ್ಕರೆ ಕಾಯಿಲೆಯವರು ಚುಚ್ಚಿಸಿಕೊಳ್ಳುವ ಇನ್ಸುಲಿನ್ನಿಗೂ ಇದಕ್ಕೂ ಹೆಸರಿನ ಹೋಲಿಕೆಯಲ್ಲದೆ ಬೇರೆ ಸಂಬಂಧವೇನೂ ಇಲ್ಲ.

ಕಾಲಕ್ಕೆ ತಕ್ಕಂತೆ ಇನ್ಯುಲಿನ್ನಿನ ಪ್ರಮಾಣವು ಬಹಳವಾಗಿ ಬದಲಾಗುವುದು. ಬೇಸಗೆಯುದ್ದಕ್ಕೂ ಎಲೆಗಳು ತಯಾರಿಸಿದುದು ಬೇರಿನಲ್ಲಿ ಸೇರುತ್ತ ಬಂದು, ಶರತ್ಕಾಲದಲ್ಲಿ ಒಣಗಿದ ಬೇರಿನ ತೂಕದಲ್ಲಿ ನೂರಕ್ಕೆ ೪೦ರವರೆಗೆ ಏರುವುದು. ಚಳಿಗಾಲವನ್ನು ಕಳೆದು ವಸಂತದಲ್ಲಿ ಗಿಡವು ಪುನಃ ಚಿಗುರುವಾಗ ಈ ಗಂಟೆಲ್ಲವೂ ವೆಚ್ಚವಾಗಿ ನೂರಕ್ಕೆ ಸುಮಾರು ೨ಕ್ಕೆ ಇಳಿಯುವುದು. ಒಂದೇ ಗಿಡದ ಬೇರನ್ನು ಅಗೆದ ತಿಂಗಳನ್ನು ಅನುಸರಿಸಿ ಅದು ಬೇರೆ ಬೇರೆ ಸರಕಾಗುವುದೆಂದಾಯಿತು. ಪೊಟ್ಟಣವನ್ನು ನೋಡಿ ಇದನ್ನು ತಿಳಿಯಲಾಗದು.

ಇನ್ಯುಲಿನ್ನಿನ ಜೊತೆಗೆ ಬೇರಿನಲ್ಲಿ ಕಹಿ ಪದಾರ್ಥಗಳೂ ಇವೆ. ಚಹಕ್ಕೆ ಬರುವ ಕಹಿರುಚಿಯೂ, ಜೀರ್ಣಕ್ಕೆ ಸಂಬಂಧಿಸಿದ ಗುಣವೂ ಮುಖ್ಯವಾಗಿ ಇವುಗಳದು. ಎಲೆಯಲ್ಲಿ ಪೊಟ್ಯಾಸಿಯಂ ಲವಣವು ಹೆಚ್ಚಾಗಿದೆ. ಕಾಫಿ ಮತ್ತು ಚಹದಲ್ಲಿರುವ ಕೆಫೀನ್ ಮಾತ್ರ ಈ ಗಿಡದಲ್ಲಿಲ್ಲ.

ಬೇಸಾಯ ಮತ್ತು ಒಣಗಿಸುವ ಕ್ರಮ

ಔಷಧಿಗಾಗಿ ಬೆಳೆಯುವಲ್ಲಿ ಆಳವಾದ ಸಡಿಲ ಮಣ್ಣನ್ನು ಆರಿಸುವರು. ಗಟ್ಟಿ ನೆಲದಲ್ಲಿಯೂ ಕಲ್ಲುನೆಲದಲ್ಲಿಯೂ ಬೇರು ಕವಲೊಡೆದು ಅಗೆಯುವುದಕ್ಕೂ ತೊಳೆಯುವುದಕ್ಕೂ ತೊಡಕಾಗುವುದು. ವಸಂತದಲ್ಲಿ ಬೀಜವನ್ನು ಮೇಲುಮೇಲೆ ಬಿತ್ತುವರು. ಬೀಜವು ಮೊಳೆಯಲು ಬೆಳಕು ಸಹಾಯಕವಾದುದರಿಂದ ಹೆಚ್ಚು ಮಣ್ಣು ಮುಚ್ಚಕೂಡದು. ಎರಡನೆಯ ವರ್ಷದ ಶರತ್ಕಾಲದಲ್ಲಿ ಬೇರು ಕೀಳಲು ತಕ್ಕಷ್ಟು ದಪ್ಪವಾಗುವುದು. ಅಮೆರಿಕದ ನ್ಯೂಜೆರ್ಸಿ ಸಂಸ್ಥಾನದ ವೈನ್‌ಲ್ಯಾಂಡ್ ಎಂಬ ಊರಿನ ಸುತ್ತ ಇದನ್ನು ಎಲೆಗಾಗಿ, ಸೊಪ್ಪಿನ ಬೆಳೆಯಾಗಿಯೇ ಬೆಳೆಯುತ್ತ ಬಂದಿರುವರು.

ಕಿತ್ತ ಬೇರನ್ನು ಚೆನ್ನಾಗಿ ತೊಳೆದು, ದಪ್ಪನಾದುವನ್ನು ಉದ್ದಕ್ಕೆ ಸೀಳಿ, ಗಾಳಿಯಾಡುವ ಕಡೆ ಸಣ್ಣ ಶಾಖದಲ್ಲಿ ಒಣಗಿಸುವರು. ಒಣಗುವಾಗ ತೂಕದಲ್ಲಿ ಸುಮಾರು ಮುಕ್ಕಾಲು ಭಾಗವು ಇಳಿದುಹೋಗುವುದು. ಸರಿಯಾಗಿ ಒಣಗಿದ ಬೇರು ಬಗ್ಗದೆ ಪಟ್ಟನೆ ಮುರಿಯತಕ್ಕದ್ದು. ತೇವವು ಉಳಿದರೆ ಬೂಷ್ಟು ಹಿಡಿಯುವುದು. ಒಣಗಿದಮೇಲೂ ಹುಳುವಿನ ಬಾಧೆಯು ಬೇಗ ತಗಲುವುದರಿಂದ ಗಾಳಿ ನುಗ್ಗದ ಡಬ್ಬಿಗಳಲ್ಲಿ ತುಂಬಿಡುವುದು ವಾಡಿಕೆ.

ಬೇರನ್ನು ಎಲ್ಲಿಂದ ಅಗೆಯಬೇಕೆಂಬುದೂ ಮುಖ್ಯ ವಿಷಯವೇ. ಈ ಗಿಡವು ಮಣ್ಣಿನಲ್ಲಿರುವ ಸೀಸ, ಕ್ಯಾಡ್ಮಿಯಂ ಮುಂತಾದ ಲೋಹಗಳನ್ನು ಹೀರಿಕೊಳ್ಳುವುದು. ಒಂದು ಸ್ಥಳದ ಮಣ್ಣು ಎಷ್ಟು ಕೆಟ್ಟಿದೆಯೆಂದು ತಿಳಿಯಲು ವಿಜ್ಞಾನಿಗಳು ಇದೇ ಗಿಡವನ್ನು ಪರೀಕ್ಷಿಸುವುದುಂಟು. ಅಲ್ಲದೆ ೧೯೪೦ರ ದಶಕದಲ್ಲಿ ೨,೪-ಡಿ ಎಂಬ ಕಳೆನಾಶಕವು ಬಳಕೆಗೆ ಬಂದಂದಿನಿಂದ ಹುಲ್ಲುಹಾಸುಗಳಲ್ಲಿ ಇದರ ಮೇಲೆಯೇ ಔಷಧಿಯನ್ನು ಸಿಂಪಡಿಸುತ್ತ ಬಂದಿರುವರು. ಆದಕಾರಣ ರಸ್ತೆಯ ಬದಿ, ಕಾರ್ಖಾನೆಗಳ ಸುತ್ತು, ಔಷಧಿ ಹೊಡೆದ ಹುಲ್ಲುಹಾಸು ಈ ಸ್ಥಳಗಳ ಬೇರು ಎಂದಿಗೂ ಕುಡಿಯಲು ಯೋಗ್ಯವಲ್ಲ.

ಚಹ ಮಾಡುವ ವಿಧಾನ

ಒಣಗಿದ ಬೇರಿನ ಚೂರು ೩ರಿಂದ ೪ ಗ್ರಾಂಗಳಷ್ಟನ್ನು ಒಂದು ಬಟ್ಟಲು ನೀರಿನಲ್ಲಿ ಹಾಕಿ, ಕೆಲವು ನಿಮಿಷ ಕುದಿಸಿ, ಸ್ವಲ್ಪ ಹೊತ್ತು ಮುಚ್ಚಿಟ್ಟು ಶೋಧಿಸಿದರೆ ಚಹವು ಸಿದ್ಧವಾಗುವುದು. ಎಲೆಯಂತೆ ಬರಿಯ ಬಿಸಿನೀರಿನಲ್ಲಿ ನೆನೆಯಿಟ್ಟರೆ ಗಟ್ಟಿಯಾದ ಬೇರಿನ ಸತ್ವವು ಸಾಕಷ್ಟು ಇಳಿಯುವುದಿಲ್ಲವಾದುದರಿಂದ ಕಷಾಯದಂತೆ ಕುದಿಸುವುದೇ ಮೇಲು. ಯೂರೋಪಿನಲ್ಲಿ ಇದನ್ನು ದಿನಕ್ಕೆ ಮೂರು ಬಟ್ಟಲಿಗೆ ಮೀರದಂತೆ, ಊಟಕ್ಕೆ ಸ್ವಲ್ಪ ಮುಂಚೆ ಕುಡಿಯುವರು.

ಹುರಿದ ಬೇರಿನ ಪಾನೀಯವು ಬೇರೆ ಬಗೆಯದು. ಹುರಿಯುವಾಗ ಇನ್ಯುಲಿನ್ನಿನ ಒಂದು ಭಾಗವು ಒಡೆದು ಸಕ್ಕರೆಯಾಗಿ, ಆ ಸಕ್ಕರೆಯು ಸುಟ್ಟು ಕಂದುಬಣ್ಣವನ್ನೂ ಕಾಫಿಯಂತಹ ವಾಸನೆಯನ್ನೂ ಕೊಡುವುದು. ಈ ರುಚಿಯು ಕನ್ನಡ ನಾಡಿನ ಜನರಿಗೆ ಅಪರಿಚಿತವಲ್ಲ. ಇಲ್ಲಿನ ಮನೆಗಳಲ್ಲಿ ಕಾಫಿಪುಡಿಯೊಡನೆ ಬೆರೆಸುವ ಚಿಕೋರಿಯು ಇದೇ ಕುಟುಂಬದ, ನೀಲಿ ಹೂವಿನ ಗಿಡವೊಂದರ ಹುರಿದ ಬೇರು. ಅದರಲ್ಲಿಯೂ ಇನ್ಯುಲಿನ್ನೇ ಮುಖ್ಯ ಪದಾರ್ಥ. ೧೮೦೬ರಲ್ಲಿ ನೆಪೋಲಿಯನ್ನನು ಇಂಗ್ಲೆಂಡಿನೊಡನೆ ವ್ಯಾಪಾರವನ್ನು ತಡೆದುದರಿಂದ ಕಾಫಿಗೆ ಬರ ಬಂದು ಫ್ರಾನ್ಸಿನಲ್ಲಿ ಚಿಕೋರಿಯ ಬಳಕೆಯು ಹಬ್ಬಿತು. ಭಾರತದಲ್ಲಿ ಗುಜರಾತಿನ ಜಾಮ್‌ನಗರ, ಉತ್ತರ ಪ್ರದೇಶದ ಏಟಾ ಮುಂತಾದ ಜಿಲ್ಲೆಗಳಲ್ಲಿ ಚಿಕೋರಿಯನ್ನು ಬೆಳೆಯುವರು. ಕಾಫಿ ಚಿಕೋರಿಗಳ ಮಿಶ್ರಣದಲ್ಲಿ ಚಿಕೋರಿಯು ನೂರಕ್ಕೆ ೪೯ಕ್ಕೆ ಮೀರಕೂಡದೆಂದೂ, ಅದರ ಪ್ರಮಾಣವನ್ನು ಪೊಟ್ಟಣದ ಮೇಲೆ ನಮೂದಿಸಬೇಕೆಂದೂ ಕಾಯಿದೆಯುಂಟು. ಯುನಾನಿ ವೈದ್ಯರು ಚಿಕೋರಿಯನ್ನು ಕಾಸ್ನಿ ಎಂಬ ಹೆಸರಿನಿಂದ ಯಕೃತ್ತಿನ ಕಾಯಿಲೆಗಳಲ್ಲಿ ಕೊಡುತ್ತ ಬಂದಿರುವರು. ಹೀಗೆ ಒಂದೇ ಕುಟುಂಬದ ಎರಡು ಬೇರುಗಳಿಗೆ ಎರಡು ಖಂಡಗಳಲ್ಲಿ ಒಂದೇ ಬಗೆಯ ಕೀರ್ತಿಯು ಬಂದಿದೆ.

ಜೀರ್ಣಶಕ್ತಿಯ ವಿಷಯ

ಕಹಿಯು ನಾಲಗೆಗೆ ತಗಲಿದೊಡನೆ ಬಾಯಲ್ಲಿ ನೀರೂರುವುದು, ಜಠರದ ರಸವೂ ಒಸರಲು ತೊಡಗುವುದು. ಹಾಗಲಕಾಯಿಯ ಗೊಜ್ಜನ್ನೋ ಮೆಂತ್ಯದ ಪದಾರ್ಥವನ್ನೋ ಊಟದಲ್ಲಿ ಸೇರಿಸುವ ಗೃಹಿಣಿಯರಿಗೆ ಇದನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಡ್ಯಾಂಡಿಲಯನ್ ಬೇರಿನ ಗುಣವನ್ನೂ ಇದೇ ರೀತಿಯಲ್ಲಿ ವಿವರಿಸುವರು.

ಯೂರೋಪಿನ ಔಷಧ ನಿಯಂತ್ರಣ ಸಂಸ್ಥೆಯ ಮೂಲಿಕೆಗಳ ಸಮಿತಿಯು ೨೦೦೯ರಲ್ಲಿ ಈ ಗಿಡದ ವಿಷಯವಾಗಿ ತನ್ನ ನಿರ್ಣಯವನ್ನು ಪ್ರಕಟಿಸಿತು. ಹೊಟ್ಟೆಯು ಉಬ್ಬಿದಂತಿರುವುದು, ವಾಯು, ನಿಧಾನವಾದ ಜೀರ್ಣ, ತಾತ್ಕಾಲಿಕವಾಗಿ ಹಸಿವು ಕಡಮೆಯಾಗುವುದು ಇಂತಹ ಸಣ್ಣ ಬಾಧೆಗಳಿಗೆ ಬೇರು ಎಲೆಗಳನ್ನು ಬಳಸಬಹುದೆಂದು ಅದು ಒಪ್ಪಿರುತ್ತದೆ. ಆದರೆ ಈ ಒಪ್ಪಿಗೆಯ ಆಧಾರವೇನೆಂಬುದನ್ನು ಗಮನಿಸತಕ್ಕದ್ದು. ಬಹುಕಾಲದಿಂದ ಜನರು ಬಳಸುತ್ತ ಬಂದಿರುವರು ಎಂಬ ಸಂಪ್ರದಾಯವೇ ಇದಕ್ಕೆ ಆಧಾರ. ರೋಗಿಗಳ ಮೇಲೆ ನಡೆಸಿದ ಪರೀಕ್ಷೆಗಳಿಂದ ಸಿದ್ಧವಾದುದೆಂದು ಸಮಿತಿಯು ಹೇಳಿಲ್ಲ. ಎರಡು ವಾರಗಳಿಗಿಂತ ಹೆಚ್ಚು ಕಾಲ ಬಾಧೆಯು ನಿಲ್ಲದಿದ್ದರೆ ವೈದ್ಯರನ್ನು ಕಾಣಬೇಕೆಂದೂ, ೧೨ ವರ್ಷಕ್ಕೆ ಕಡಮೆಯಾದ ಮಕ್ಕಳಿಗೆ ಇದು ತಕ್ಕುದಲ್ಲವೆಂದೂ ಅದೇ ನಿರ್ಣಯದಲ್ಲಿದೆ.

ಇನ್ಯುಲಿನ್ನಿನಿಂದ ಮಲಬದ್ಧತೆಯು ಕಳೆಯುವುದೆಂಬ ಮಾತಿಗೆ ಇದಕ್ಕಿಂತ ಗಟ್ಟಿಯಾದ ಆಧಾರವುಂಟು. ಅದು ಸಣ್ಣ ಕರುಳಿನಲ್ಲಿ ಅರಗದೆ ದೊಡ್ಡ ಕರುಳನ್ನು ಸೇರಿ, ಅಲ್ಲಿನ ಉಪಕಾರಿ ಸೂಕ್ಷ್ಮಜೀವಿಗಳಿಗೆ ಆಹಾರವಾಗುವುದು. ಚಿಕೋರಿಯಿಂದ ತೆಗೆದ ಇನ್ಯುಲಿನ್ನನ್ನು ದಿನಕ್ಕೆ ೧೨ ಗ್ರಾಂ ಸೇವಿಸಿದರೆ ಮಲವಿಸರ್ಜನೆಯು ಸರಾಗವಾಗುವುದೆಂದು ಯೂರೋಪಿನ ಆಹಾರ ಸುರಕ್ಷಾ ಸಂಸ್ಥೆಯು ೨೦೧೫ರಲ್ಲಿ ಒಪ್ಪಿಕೊಂಡಿತು. ಆದರೆ ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಹಾಕಿನೋಡಬೇಕು. ಶರತ್ಕಾಲದ ಅತ್ಯುತ್ತಮ ಬೇರು ೪ ಗ್ರಾಂ ತೆಗೆದುಕೊಂಡರೆ ಅದರಲ್ಲಿರುವ ಇನ್ಯುಲಿನ್ ಹೆಚ್ಚೆಂದರೆ ೧.೬ ಗ್ರಾಂ. ಅಷ್ಟೂ ನೀರಿಗೆ ಇಳಿಯಿತೆಂದೇ ಎಣಿಸಿದರೂ ದಿನಕ್ಕೆ ಮೂರು ಬಟ್ಟಲಿನಿಂದ ದೊರೆಯುವುದು ೫ ಗ್ರಾಂಗಿಂತ ಕಡಮೆ. ವಸಂತದಲ್ಲಿ ಕಿತ್ತ ಬೇರಾದರೆ ಕಾಲು ಗ್ರಾಂ ಸಹ ಆಗದು. ಆದುದರಿಂದ ಮಲಬದ್ಧತೆಗೆ ಈ ಚಹವನ್ನು ನೆಚ್ಚಿಕೊಳ್ಳುವುದಕ್ಕಿಂತ ಸೊಪ್ಪು, ತರಕಾರಿ, ಕಾಳುಗಳು, ತವುಡು ತೆಗೆಯದ ಧಾನ್ಯ ಇವುಗಳನ್ನು ಊಟದಲ್ಲಿ ಹೆಚ್ಚಿಸುವುದೇ ಸುಲಭವೂ ಅಗ್ಗವೂ ಆದ ಮಾರ್ಗ. ಇನ್ಯುಲಿನ್ ಹೆಚ್ಚಾದರೆ ಕೆಲವರಿಗೆ ವಾಯುವೇ ಹೆಚ್ಚುವುದೆಂಬುದನ್ನೂ ನೆನಪಿನಲ್ಲಿಡಬೇಕು.

ಯಕೃತ್ತಿನ ವಿಷಯ

ಜನರು ಈಲಿ ಎಂದು ಕರೆಯುವ ಯಕೃತ್ತು ದೇಹದಲ್ಲಿ ಹಗಲಿರುಳು ನಡೆಯುವ ಒಂದು ಕಾರ್ಖಾನೆಯಂತಿದೆ. ರಕ್ತದಲ್ಲಿ ಸೇರಿದ ವಿಷಪದಾರ್ಥಗಳನ್ನು ಮಾರ್ಪಡಿಸಿ ಹೊರಗೆ ಕಳುಹಿಸುವುದು ಅದರ ಕೆಲಸಗಳಲ್ಲೊಂದು. ಪಿತ್ತರಸವನ್ನು ತಯಾರಿಸುವುದು ಇನ್ನೊಂದು. ಈ ರಸವು ಪಿತ್ತಕೋಶದಲ್ಲಿ ಕೂಡಿದ್ದು, ಊಟವಾದಾಗ ನಾಳದ ಮೂಲಕ ಕರುಳಿಗೆ ಇಳಿದು ಕೊಬ್ಬನ್ನು ಅರಗಿಸಲು ಸಹಾಯಮಾಡುವುದು. ಆರೋಗ್ಯವಾದ ಯಕೃತ್ತನ್ನು ತೊಳೆಯುವ ಅವಶ್ಯಕತೆಯೇ ಇಲ್ಲ. ತೊಳೆಯುವುದೇ ಅದರ ಉದ್ಯೋಗ.

ಡ್ಯಾಂಡಿಲಯನ್ ಬೇರಿನ ಸಾರವನ್ನು ಕೊಟ್ಟು ಇಲಿಗಳ ಮೇಲೆ ಅನೇಕ ಪರೀಕ್ಷೆಗಳು ನಡೆದಿವೆ. ಯಕೃತ್ತನ್ನು ಕೆಡಿಸುವ ರಾಸಾಯನಿಕಗಳನ್ನು ಇಲಿಗಳಿಗೆ ಕೊಟ್ಟಾಗ, ಬೇರಿನ ಸಾರವನ್ನೂ ಪಡೆದ ಇಲಿಗಳಲ್ಲಿ ಹಾನಿಯು ಕಡಮೆಯಾಗಿದ್ದಿತೆಂದು ಹಲವು ಕಡೆ ಕಂಡುಬಂದಿದೆ. ಇದು ಮುಂದಿನ ಸಂಶೋಧನೆಗೆ ಆಶಾದಾಯಕವೇ ಸರಿ. ಆದರೆ ಯಕೃತ್ತಿನ ಯಾವುದೇ ಕಾಯಿಲೆಯುಳ್ಳ ಮನುಷ್ಯರಲ್ಲಿ ಈ ಚಹದಿಂದ ಗುಣವಾಯಿತೆಂದು ತೋರಿಸುವ ನಂಬಲರ್ಹವಾದ ಪರೀಕ್ಷೆಗಳಿಲ್ಲ. ಮೂತ್ರದ ವಿಷಯದಲ್ಲಿ ಮನುಷ್ಯರ ಮೇಲೆ ನಡೆದ ಒಂದು ಪರೀಕ್ಷೆಯ ಫಲವು ೨೦೦೯ರಲ್ಲಿ ಪ್ರಕಟವಾಯಿತು. ಅದು ೧೭ ಮಂದಿಯ ಮೇಲೆ ಒಂದೇ ದಿನ ನಡೆದುದು, ಬಳಸಿದುದು ಬೇರನ್ನಲ್ಲ, ಎಲೆಯ ಸಾರವನ್ನು.

ಇಲಿಯ ಮೇಲಣ ಫಲವೂ, ಮೊದಲನೆಯ ಒಂದು ಪರೀಕ್ಷೆಯ ಫಲವೂ ಸಾಲವೆಂಬುದಕ್ಕೆ ಕನ್ನಡಿಗರಿಗೆ ಪರಿಚಿತವಾದ ಉದಾಹರಣೆಯೊಂದುಂಟು. ಕಾಮಾಲೆಗೆ ಹಳ್ಳಿ ಹಳ್ಳಿಯಲ್ಲಿಯೂ ಕೊಡುವ ನೆಲನೆಲ್ಲಿಯನ್ನು ಮದರಾಸಿನ ಸಂಶೋಧಕರು ಹೆಪಟೈಟಿಸ್ ಬಿ ವೈರಾಣುವನ್ನು ಹೊತ್ತವರಿಗೆ ಕೊಟ್ಟು, ೧೯೮೮ರಲ್ಲಿ ಫಲವನ್ನು ಪ್ರಕಟಿಸಿದರು. ಔಷಧಿ ಪಡೆದ ೩೭ ಮಂದಿಯಲ್ಲಿ ೨೨ ಮಂದಿಯ ರಕ್ತದಲ್ಲಿ ವೈರಾಣುವಿನ ಗುರುತು ಕಾಣದಾಯಿತೆಂದು ತಿಳಿದು ಪ್ರಪಂಚವೇ ಆಶ್ಚರ್ಯಪಟ್ಟಿತು. ಅನಂತರ ಬೇರೆ ಕಡೆಗಳಲ್ಲಿ ನಡೆಸಿದ ಪರೀಕ್ಷೆಗಳಲ್ಲಿ ಅದೇ ಫಲವು ದೊರೆಯಲಿಲ್ಲ. ಸ್ಥಳೀಯವಾದ, ಬಹುಕಾಲದ ಬಳಕೆಯುಳ್ಳ, ಮನುಷ್ಯರ ಮೇಲೆಯೇ ಪರೀಕ್ಷಿಸಿದ ಗಿಡದ ಸ್ಥಿತಿಯೇ ಹೀಗಿರುವಲ್ಲಿ, ಇಲಿಗಳನ್ನು ದಾಟಿ ಮುಂದೆ ಬಾರದ ಬೇರಿನ ಮೇಲೆ ಜೀವದ ಭಾರವನ್ನು ಹಾಕುವುದು ಹೇಗೆ?

ಯಾರು ಕುಡಿಯಬಾರದು

ಈ ಲೇಖನದ ಮುಖ್ಯಾಂಶವು ಇಲ್ಲಿದೆ. ಜೀರ್ಣಕ್ಕಾಗಿ ಈ ಬೇರನ್ನು ಒಪ್ಪಿದ ಅದೇ ಯೂರೋಪಿಯನ್ ಸಮಿತಿಯು, ಪಿತ್ತನಾಳದಲ್ಲಿ ತಡೆಯುಳ್ಳವರು, ಪಿತ್ತನಾಳವು ಊದಿಕೊಂಡವರು, ಪಿತ್ತಕೋಶದಲ್ಲಿ ಕಲ್ಲಿರುವವರು, ಜಠರದಲ್ಲಿ ಹುಣ್ಣಿರುವವರು ಮತ್ತು ಯಕೃತ್ತಿನ ಕಾಯಿಲೆಯುಳ್ಳವರು ಇದನ್ನು ಸೇವಿಸಕೂಡದೆಂದು ವಿಧಿಸಿರುತ್ತದೆ. ಎಂದರೆ, ಯಾವ ರೋಗಿಯು ಯಕೃತ್ತಿಗೆ ಒಳ್ಳೆಯದೆಂದು ನಂಬಿ ಈ ಪೊಟ್ಟಣವನ್ನು ಕೊಳ್ಳುವನೋ ಅವನಿಗೇ ಇದು ನಿಷಿದ್ಧ.

ಇದರ ಕಾರಣವನ್ನು ರೈತರು ಕಾಲುವೆಯ ಹೋಲಿಕೆಯಿಂದ ಸುಲಭವಾಗಿ ತಿಳಿಯಬಹುದು. ಕಾಲುವೆಯಲ್ಲಿ ಕಲ್ಲು ಸಿಕ್ಕಿಕೊಂಡು ನೀರು ನಿಂತಿರುವಾಗ ತೂಬನ್ನು ಇನ್ನಷ್ಟು ಎತ್ತಿದರೆ ಕಲ್ಲು ಹೊರಡದೆ ಏರಿಯೇ ಒಡೆದುಹೋಗಬಹುದು. ಅದರಂತೆ, ನಾಳದಲ್ಲಿ ತಡೆಯಿರುವಾಗ ಪಿತ್ತರಸದ ಹರಿವನ್ನು ಹೆಚ್ಚಿಸಲು ಯತ್ನಿಸಿದರೆ ನೋವೂ ಅಪಾಯವೂ ಹೆಚ್ಚಬಹುದು.

ಮೂತ್ರಪಿಂಡವು ಕೆಟ್ಟವರು, ಸಕ್ಕರೆ ಕಾಯಿಲೆಯವರು, ಹೃದಯದ ದೌರ್ಬಲ್ಯವುಳ್ಳವರು ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚುವ ಭಯವಿರುವುದರಿಂದ ವೈದ್ಯರನ್ನು ಕೇಳದೆ ಇದನ್ನು ಮುಟ್ಟಕೂಡದು. ಮೂತ್ರವನ್ನು ಹೆಚ್ಚಿಸುವ ಮಾತ್ರೆಗಳನ್ನು ನುಂಗುವವರಿಗೂ ಇದೇ ಮಾತು ಅನ್ವಯಿಸುವುದು. ಸೇವಂತಿಗೆ, ಪಾರ್ಥೇನಿಯಂ ಮುಂತಾದ ಈ ಕುಟುಂಬದ ಗಿಡಗಳು ಸೋಕಿದರೆ ಮೈ ತುರಿಸುವವರಿಗೆ ಇದರಿಂದಲೂ ಅದೇ ತೊಂದರೆಯಾಗಬಹುದು. ಗರ್ಭಿಣಿಯರೂ ಬಾಣಂತಿಯರೂ ಸೇವಿಸದಿರುವುದು ಕ್ಷೇಮ.

ಗುರುತು ತಪ್ಪಿದರೆ ಬರುವ ಅಪಾಯ

ಪುಸ್ತಕದ ಚಿತ್ರವನ್ನು ನೋಡಿ ಹೊಲದ ಬದುವಿನಲ್ಲಿರುವ ಹಾಲುಗಿಡವನ್ನೋ, ಬಿಳಿಯ ನವಿರಿನ ಚೆಂಡಿರುವ ಗಿಡವನ್ನೋ ಡ್ಯಾಂಡಿಲಯನ್ ಎಂದು ಕಿತ್ತು ಕುದಿಸುವುದು ಸಲ್ಲದು. ಡ್ಯಾಂಡಿಲಯನ್ನಿನಲ್ಲಿ ದಂಟಿಗೆ ಎಲೆಯಿರದು, ಕವಲೂ ಇರದು, ಹೂವು ಒಂದೇ. ದಂಟು ಕವಲೊಡೆದು ಎಲೆಗಳಿಂದ ಕೂಡಿ ಹಲವು ಹೂಗಳನ್ನು ಬಿಡುವ ಗಿಡವು ನಿಶ್ಚಯವಾಗಿಯೂ ಬೇರೆಯದು. ಇದೇ ಕುಟುಂಬದ, ಇಲ್ಲಿ ಸಾಮಾನ್ಯವಾಗಿ ಬೆಳೆಯುವ ಎಮಿಲಿಯ ಸಾಂಕಿಫೋಲಿಯ ಎಂಬ ನೇರಿಳೆ ಹೂವಿನ ಕಳೆಯಲ್ಲಿ ಯಕೃತ್ತನ್ನೇ ಕೆಡಿಸುವ ಕ್ಷಾರಗಳಿವೆ.

ಕಳೆಗಿಡಗಳಲ್ಲಿರುವ ಇಂತಹ ಕ್ಷಾರಗಳು ಎಷ್ಟು ಘೋರವಾದ ಫಲವನ್ನು ಕೊಡುವುವೆಂಬುದಕ್ಕೆ ಭಾರತದಲ್ಲಿಯೇ ನಿದರ್ಶನವುಂಟು. ೧೯೭೦ರ ದಶಕದ ಮಧ್ಯದಲ್ಲಿ, ಆಗ ಮಧ್ಯಪ್ರದೇಶಕ್ಕೆ ಸೇರಿದ್ದು ಈಗ ಛತ್ತೀಸಗಡದಲ್ಲಿರುವ ಸರಗುಜಾ ಜಿಲ್ಲೆಯ ಹಳ್ಳಿಗಳಲ್ಲಿ ಅನೇಕರಿಗೆ ಹೊಟ್ಟೆಯಲ್ಲಿ ನೀರು ತುಂಬಿ ಯಕೃತ್ತು ಕೆಟ್ಟು ಹಲವರು ಮೃತಪಟ್ಟರು. ವಿಚಾರಣೆಯಿಂದ ತಿಳಿದುಬಂದುದೇನೆಂದರೆ, ಅವರು ತಿನ್ನುತ್ತಿದ್ದ ಸಾಮೆಯ ಜಾತಿಯ ಧಾನ್ಯದಲ್ಲಿ ಕ್ರೋಟಲೇರಿಯ ಎಂಬ ಕಳೆಯ ಬೀಜಗಳು ಬೆರೆತಿದ್ದುವು. ಕಣದಲ್ಲಿ ಕಳೆಯ ಬೀಜವನ್ನು ಕೇರಿ ತೆಗೆಯುವ ಒಂದು ಸಾಮಾನ್ಯ ಕೆಲಸವು ಯಕೃತ್ತಿಗೆ ಎಂತಹ ರಕ್ಷೆಯೆಂಬುದು ಇದರಿಂದ ಮನವರಿಕೆಯಾಗುವುದು. ಯಕೃತ್ತನ್ನು ಕಾಪಾಡುವ ಬೇರನ್ನು ಹುಡುಕಹೋಗಿ ಅದನ್ನು ಕೊಲ್ಲುವ ಬೇರನ್ನು ಕುದಿಸುವಂತಾಗಬಾರದು.

ಯಕೃತ್ತನ್ನು ನಿಜವಾಗಿ ಕಾಪಾಡುವ ಮಾರ್ಗಗಳು

ಕಾಮಾಲೆಯು ಒಂದು ರೋಗವಲ್ಲ, ರೋಗದ ಗುರುತು. ಕಣ್ಣು ಹಳದಿಯಾಗುವುದು, ಮೂತ್ರವು ಕಂದಾಗುವುದು ಇವು ಹಲವು ಕಾರಣಗಳಿಂದ ಬರುವುವು. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ, ರಕ್ತದ ಮೂಲಕ ಬರುವ ಬಿ ಮತ್ತು ಸಿ, ಮದ್ಯಪಾನ, ಪಿತ್ತನಾಳದ ಕಲ್ಲು, ಗಂತಿ ಇವು ಮುಖ್ಯವಾದುವು. ಕುಡಿಯುವ ನೀರಿನಿಂದ ಬಂದ ಕಾಮಾಲೆಯು ಬಹುಮಂದಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುವುದು. ಆ ಅವಧಿಯಲ್ಲಿ ಏನನ್ನು ಕುಡಿಸಿದರೂ ಕೀರ್ತಿಯು ಅದಕ್ಕೇ ಸಲ್ಲುವುದು. ಮೂಲಿಕೆಗಳಿಗೆ ಬಂದ ಹೆಸರಿನಲ್ಲಿ ಎಷ್ಟೋ ಭಾಗವು ಹೀಗೆ ಬಂದುದು. ಆದರೆ ನಾಳದಲ್ಲಿ ಕಲ್ಲು ಸಿಕ್ಕಿದ್ದರೆ, ಅಥವಾ ಗರ್ಭಿಣಿಗೆ ಹೆಪಟೈಟಿಸ್ ಇ ತಗಲಿದ್ದರೆ, ಕಷಾಯದಲ್ಲಿ ಕಳೆದ ಒಂದೊಂದು ದಿನವೂ ಪ್ರಾಣಕ್ಕೆ ಅಪಾಯಕರ. ಆದುದರಿಂದ ಕಣ್ಣು ಹಳದಿಯಾದ ಕೂಡಲೆ ಆಸ್ಪತ್ರೆಗೆ ಹೋಗಿ ರಕ್ತವನ್ನು ಪರೀಕ್ಷೆಮಾಡಿಸಿ ಕಾರಣವನ್ನು ತಿಳಿಯತಕ್ಕದ್ದು.

ನೀರನ್ನು ಕಾಯಿಸಿ ಆರಿಸಿ ಕುಡಿಯುವುದು, ಬಾವಿ ಕೆರೆಗಳ ಸುತ್ತ ಮಲವಿಸರ್ಜನೆಯನ್ನು ತಡೆಯುವುದು, ಹುಟ್ಟಿದ ಮಗುವಿಗೆ ಸರ್ಕಾರದ ವತಿಯಿಂದ ಧರ್ಮಾರ್ಥವಾಗಿ ಹಾಕುವ ಹೆಪಟೈಟಿಸ್ ಬಿ ಲಸಿಕೆಯನ್ನು ತಪ್ಪದೆ ಹಾಕಿಸುವುದು, ಹೆಂಡ ಸಾರಾಯಿಗಳನ್ನು ಬಿಡುವುದು, ಮೈಯ ಕೊಬ್ಬನ್ನು ಕರಗಿಸುವುದು, ಬೂಷ್ಟು ಹಿಡಿದ ಕಡಲೆಕಾಯಿ ಮತ್ತು ಮುಸುಕಿನ ಜೋಳವನ್ನು ತಿನ್ನದಿರುವುದು ಇವೇ ಯಕೃತ್ತಿಗೆ ಪರೀಕ್ಷಿತವಾದ ರಕ್ಷೆಗಳು. ಬೂಷ್ಟಿನಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ಎಂಬ ವಿಷವು ಯಕೃತ್ತಿನಲ್ಲಿ ಗಂತಿಯನ್ನು ಎಬ್ಬಿಸಬಲ್ಲುದು. ಫಸಲನ್ನು ಚೆನ್ನಾಗಿ ಒಣಗಿಸಿ ಚೀಲಕ್ಕೆ ತುಂಬುವ ರೈತನು ತನ್ನ ಮನೆಯವರ ಯಕೃತ್ತನ್ನೂ ಕೊಳ್ಳುವವರ ಯಕೃತ್ತನ್ನೂ ಕಾಪಾಡಿದಂತಾಗುವುದು.

ಸಾರಾಂಶ

ಡ್ಯಾಂಡಿಲಯನ್ ಬೇರಿನ ಚಹವು ವಿಷವಲ್ಲ, ಅಮೃತವೂ ಅಲ್ಲ. ಆರೋಗ್ಯವಂತನಾದ ವಯಸ್ಕನಿಗೆ ಊಟದ ಮುಂಚೆ ಹಸಿವನ್ನು ಎಬ್ಬಿಸುವ ಒಂದು ಕಹಿ ಪಾನೀಯವಾಗಿಯೂ, ರಾತ್ರಿ ನಿದ್ರೆ ಕೆಡಿಸದ ಕಾಫಿಯಾಗಿಯೂ ಅದಕ್ಕೆ ಸ್ಥಾನವುಂಟು. ಅಷ್ಟಕ್ಕೆ ಅದನ್ನು ಮೆಚ್ಚಿ ಕುಡಿಯಬಹುದು. ಯಕೃತ್ತಿಗೆ ಔಷಧಿಯೆಂದು ಮಾತ್ರ ಕುಡಿಯಬಾರದು. ಯಕೃತ್ತಿನ ಕಾಯಿಲೆಯುಳ್ಳವನಂತೂ ಅದನ್ನು ದೂರವಿಡತಕ್ಕದ್ದು. ಸೂಸಾನ ಮೂಡಿಯು ಕೆನಡಾದ ಕಾಡಿನಲ್ಲಿ ಈ ಬೇರನ್ನು ಹುರಿದುದು ರೋಗಕ್ಕಾಗಿ ಅಲ್ಲ, ಬಡತನದ ಮನೆಯಲ್ಲಿ ಒಂದು ಬಿಸಿಯಾದ ರುಚಿಯಾದ ಬಟ್ಟಲಿಗಾಗಿ. ಆ ಮಟ್ಟಿಗೆ ಈ ಕಳೆಯು ತನ್ನ ಮಾತನ್ನು ಇಂದಿಗೂ ಉಳಿಸಿಕೊಂಡಿದೆ.